ಕಾಯಿ ಹೆಚ್ಚಿದ್ದ ಮಾತ್ರಕ್ಕೆ

ಚದುರಂಗದ ಕೊನೆಯಾಟದಲ್ಲಿ ಒಂದು ಕಾಯಿಯೋ ಒಂದು ಕಾಲಾಳೋ ಹೆಚ್ಚಿರುವವನು ಮುಂದೇನು ಮಾಡಬೇಕು ಎಂಬುದಕ್ಕೆ ಶಾಲೆಯ ತರಬೇತಿಯಲ್ಲೂ ಅಂಗಡಿ ಕಟ್ಟೆಯಲ್ಲೂ ಮೊಬೈಲ್ ಪಾಠಗಳಲ್ಲೂ ಸಿಗುವ ಉತ್ತರ ಒಂದೇ: ಕಾಯಿಗೆ ಕಾಯಿ ಹೊಡೆಸುತ್ತ ಹೋಗು, ಮಣೆ ಖಾಲಿಯಾದಷ್ಟೂ ಗೆಲುವು ಹತ್ತಿರ, ಉಳಿದದ್ದು ತಾನಾಗಿ ಆಗುತ್ತದೆ. ಈ ಮಾತು ಎಷ್ಟು ಬಳಕೆಯಲ್ಲಿದೆಯೆಂದರೆ ಅದನ್ನು ಒರೆಗೆ ಹಚ್ಚಿ ನೋಡುವವರೇ ಇಲ್ಲ. ಹಚ್ಚಿ ನೋಡಿದರೆ ಅದರ ಯಾವ ಭಾಗವೂ ಪೂರ್ತಿ ನಿಲ್ಲುವುದಿಲ್ಲ. ಹೆಚ್ಚಿನ ಕಾಯಿ ತನ್ನಷ್ಟಕ್ಕೆ ಗೆಲುವಾಗುವುದಿಲ್ಲ. ಹೊಡೆಸುವುದು ಒಮ್ಮೆ ಗೆಲುವನ್ನು ತಂದುಕೊಟ್ಟರೆ ಇನ್ನೊಮ್ಮೆ ಅದರ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಉಳಿದದ್ದು ತಾನಾಗಿ ಆದದ್ದಂತೂ ಯಾರೂ ಕಂಡಿಲ್ಲ.

ಈ ನಂಬಿಕೆಯ ಬೇರು ಇರುವುದು ಮಕ್ಕಳಿಗೆ ಮೊದಲ ದಿನವೇ ಬಾಯಿಪಾಠ ಮಾಡಿಸುವ ಬೆಲೆಪಟ್ಟಿಯಲ್ಲಿ. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ಮಂತ್ರಿಗೆ 9. ಆಟದ ನಡುಭಾಗದಲ್ಲಿ, ಮಣೆ ತುಂಬ ಕಾಯಿಗಳಿರುವಾಗ, ಯಾವುದಕ್ಕೆ ಯಾವುದನ್ನು ಕೊಡಬಹುದು ಎಂದು ಅಂದಾಜು ಮಾಡಲು ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ, ಸಂಶಯವಿಲ್ಲ. ಕೊನೆಯಾಟಕ್ಕೆ ಬಂದಾಗ ಅದೇ ಪಟ್ಟಿ ಹಾದಿ ತಪ್ಪಿಸುತ್ತದೆ. ಒಂದು ಕಡೆ ರಾಜ ಮತ್ತು ಒಂಟೆ, ಇನ್ನೊಂದು ಕಡೆ ಬರೀ ರಾಜ: ಪಟ್ಟಿಯ ಪ್ರಕಾರ 3 ಅಂಕ ಮುಂದೆ, ಆಟ ಡ್ರಾ. ಒಂದು ಕಡೆ ರಾಜ ಮತ್ತು ಕಾಲಾಳು, ಇನ್ನೊಂದು ಕಡೆ ಬರೀ ರಾಜ: 1 ಅಂಕವಷ್ಟೇ ಮುಂದೆ, ಆದರೆ ಗೆಲ್ಲಲು ಸಾಧ್ಯ. ಎರಡು ಕುದುರೆ ಇದ್ದವನು 6 ಅಂಕ ಮುಂದಿದ್ದರೂ ಎದುರಾಳಿ ತಾನಾಗಿ ತಪ್ಪು ಮಾಡದ ಹೊರತು ಮಾತ್ ಕೊಡಲಾರ. ಕಾಲಾಳುಗಳೆಲ್ಲ ಮುಗಿದ ಮೇಲೆ ಆನೆಯ ಎದುರು ಒಂಟೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆನೆ ಮತ್ತು ಒಂಟೆ ಸೇರಿ ಬರೀ ಆನೆಯನ್ನು ಸೋಲಿಸಲು ಹೊರಟರೂ ಸರಿಯಾಗಿ ಕಾಯುವವನೆದುರು ಬಹುತೇಕ ಸ್ಥಿತಿಗಳಲ್ಲಿ ಡ್ರಾ. ಇನ್ನೂ ಮುಂದೆ ಹೋದರೆ, ಮಂತ್ರಿಯ ಎದುರು ಏಳನೇ ಸಾಲು ತಲುಪಿದ ಒಂಟಿ ಕಾಲಾಳು. ಅದು ಎ, ಸಿ, ಎಫ್ ಅಥವಾ ಎಚ್ ಸಾಲಿನಲ್ಲಿದ್ದು, ಪಕ್ಕದಲ್ಲಿ ತನ್ನ ರಾಜನಿದ್ದು, ಮಂತ್ರಿಯ ಕಡೆಯ ರಾಜ ದೂರ ಇದ್ದರೆ 9 ಅಂಕಕ್ಕೂ 1 ಅಂಕಕ್ಕೂ ಸರಿಸಮ. ಕಾಲಾಳಿನ ಕಡೆಯ ರಾಜ ಮೂಲೆಗೆ ಸರಿದು ಸ್ಟೇಲ್‌ಮೇಟ್‌ನ ಬಲೆ ಹರಡುತ್ತಾನೆ, ಮಂತ್ರಿ ಅದನ್ನು ಬಿಡಿಸಲಾರದೆ ಚೆಕ್ ಕೊಡುತ್ತ ತಿರುಗುತ್ತದೆ.

ಎರಡು ಕುದುರೆಯ ವಿಷಯದಲ್ಲಿ ಒಂದು ವಿಚಿತ್ರ ಇದೆ, ಕಾಯಿ ಎಣಿಸುವವರು ಅದನ್ನು ಓದಲೇಬೇಕು. ಬರೀ ರಾಜನ ವಿರುದ್ಧ ಗೆಲ್ಲಲಾಗದ ಎರಡು ಕುದುರೆಗಳು, ಆ ರಾಜನಿಗೆ ಒಂದು ಕಾಲಾಳು ಇದ್ದರೆ, ಹಲವು ಸ್ಥಿತಿಗಳಲ್ಲಿ ಗೆಲ್ಲುತ್ತವೆ. ರಷ್ಯದ ಅಲೆಕ್ಸಿ ಟ್ರೊಯಿಟ್ಸ್ಕಿ ಇದನ್ನು ವರ್ಷಗಟ್ಟಲೆ ಬಿಡಿಸಿ ನೋಡಿ, ಆ ಕಾಲಾಳನ್ನು ಯಾವ ಗೆರೆಯ ಆಚೆಗೆ ದಾಟಗೊಡಬಾರದು ಎಂದು ಗುರುತು ಹಾಕಿಕೊಟ್ಟ. ಕಾರಣ ಸರಳ. ರಾಜ ಕದಲಲಾಗದಂತೆ ಸಿಕ್ಕಿಕೊಂಡಾಗ ಅವನನ್ನು ಉಳಿಸುತ್ತಿದ್ದದ್ದು ಸ್ಟೇಲ್‌ಮೇಟ್. ಈಗ ಕಾಲಾಳನ್ನು ನಡೆಸುವ ದಾರಿ ಇರುವುದರಿಂದ ಸ್ಟೇಲ್‌ಮೇಟ್ ಇಲ್ಲ, ಹಾಗಾಗಿ ಮಾತ್ ಬೀಳುತ್ತದೆ. ಕೈಯಲ್ಲಿ ಒಂದು ಕಾಲಾಳು ಇದ್ದದ್ದೇ ಸೋಲಿಗೆ ಕಾರಣ. ಅಂಕ ಕೂಡಿ ಕಳೆಯುವ ಯಾವ ಲೆಕ್ಕವೂ ಇದನ್ನು ಹೇಳಿಕೊಡುವುದಿಲ್ಲ.

ಪ್ರಚಲಿತ ನಂಬಿಕೆಗೆ ಒಂದು ಕಾಲದಲ್ಲಿ ಆಧಾರ ಇತ್ತು ಎಂಬುದನ್ನೂ ಹೇಳಬೇಕು. ಭಾರತದಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬ್ ನಾಡುಗಳಿಗೆ ಹೋದ ಶತ್‌ರಂಜ್ ಆಟದಲ್ಲಿ ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನನ್ನು ಬೋಳು ಮಾಡಿದರೆ ಅದೇ ಗೆಲುವು, ಮಾತ್ ಕೊಡಬೇಕಾಗಿಯೇ ಇರಲಿಲ್ಲ. ಕದಲಲಾಗದಂತೆ ಕಟ್ಟಿಹಾಕುವುದೂ ಗೆಲುವೇ ಆಗಿತ್ತು. ಆ ಆಟದಲ್ಲಿ ಒಂದು ಕಾಯಿ ಹೆಚ್ಚಿದ್ದವನು ಕಾಯಿಗೆ ಕಾಯಿ ಹೊಡೆಸುತ್ತ ಹೋದರೆ ಕೊನೆಗೆ ತನ್ನದೊಂದು ಉಳಿದು ಎದುರಾಳಿಯದು ಮುಗಿದು ಆಟ ಗೆದ್ದಂತೆಯೇ. ಈಗಿನ ನಿಯಮದಲ್ಲಿ ಬೋಳು ರಾಜ ಸೋತವನಲ್ಲ, ಸ್ಟೇಲ್‌ಮೇಟ್ ಆದರೆ ಡ್ರಾ. ನಿಯಮ ಬದಲಾಗಿ ಶತಮಾನಗಳೇ ಆದರೂ ಕಟ್ಟೆಯ ಬುದ್ಧಿವಾದ ಮಾತ್ರ ಹಳೆಯ ಆಟದ್ದೇ ಉಳಿದಿದೆ.

ಕನ್ನಡನಾಡಿನ ಚದುರಂಗದ ಇತಿಹಾಸವೂ ಎಣಿಕೆಯ ಪರವಾಗಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ಬಗ್ಗೆ ತೋರಿಸಿದ ಆಸಕ್ತಿ ಪ್ರಸಿದ್ಧ. ಅವರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗವಿದೆ, ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಂಚಾರಗಳನ್ನು ಅವರು ಕಟ್ಟಿದ್ದರು. ಅದೇ ಕಾಲದಲ್ಲಿ, 1814ರಲ್ಲಿ, ತಿರುವೆಂಗಡಾಚಾರ್ಯ ಶಾಸ್ತ್ರಿ ಎಂಬ ದಕ್ಷಿಣದ ಪಂಡಿತ ಸಂಸ್ಕೃತದಿಂದ ಇಂಗ್ಲಿಷಿಗೆ ತಂದ ಚದುರಂಗದ ಸಮಸ್ಯೆಗಳ ಪುಸ್ತಕ ಮುಂಬಯಿಯಲ್ಲಿ ಅಚ್ಚಾಯಿತು. ಇಂಥ ಸಮಸ್ಯೆಗಳನ್ನು ಬಿಡಿಸುವವನಿಗೆ ಸಿಗುವ ಮೊದಲ ಪಾಠವೆಂದರೆ ಕೈಯಲ್ಲಿರುವ ದೊಡ್ಡ ಕಾಯಿಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟು ಸಣ್ಣ ಕಾಯಿಯಿಂದ ಮಾತ್ ಕೊಡುವುದು. ಅರಮನೆಯ ವಿನೋದಕ್ಕೂ ಕೂಟದ ಆಟಕ್ಕೂ ವ್ಯತ್ಯಾಸ ಇದೆ ಎಂದು ಇದನ್ನು ತಳ್ಳಿಹಾಕಬಹುದು. ಆದರೆ ಕಾಯಿಯ ಬೆಲೆ ಅದು ನಿಂತ ಮನೆಯಿಂದ ಬರುತ್ತದೆ ಎಂಬುದು ಎರಡಕ್ಕೂ ಸಮಾನ.

ಈಗ ಹೊಡೆಸುವ ವಿಚಾರ. ಆನೆ ಮತ್ತು ಒಂದು ಕಾಲಾಳು ಒಂದು ಕಡೆ, ಬರೀ ಆನೆ ಇನ್ನೊಂದು ಕಡೆ: ಕೂಟಗಳಲ್ಲಿ ಅತಿ ಹೆಚ್ಚು ಬರುವ ಕೊನೆಯಾಟಗಳಲ್ಲಿ ಇದೊಂದು. ಕಾಲಾಳಿನ ದಾರಿಗೆ ಅಡ್ಡವಾಗಿ ಎದುರಾಳಿಯ ರಾಜ ನಿಂತು, ಅವನ ಆನೆ ತನ್ನ ಕಡೆಯಿಂದ ಎಣಿಸಿದರೆ ಮೂರನೇ ಅಡ್ಡಸಾಲನ್ನು ಕಾಯುತ್ತಿದ್ದರೆ ಗೆಲ್ಲಲು ಬರುವುದಿಲ್ಲ. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆ ಮಣೆಯ ಆ ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡಲು ಶುರುಮಾಡುತ್ತದೆ, ಗೆಲ್ಲಬೇಕಾದ ರಾಜನಿಗೆ ಮರೆಯಾಗಲು ಜಾಗ ಸಿಗುವುದಿಲ್ಲ. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನಲ್ಲಿ ಇದು ಉಳಿದಿದೆ. ಅದೇ ಕಾಯಿಗಳನ್ನು ಬೇರೆ ಮನೆಗಳಲ್ಲಿಡಿ: ಬಿಳಿ ರಾಜ ಡಿ8, ಕಾಲಾಳು ಡಿ7, ಆನೆ ಎಫ್1, ಕಪ್ಪು ರಾಜ ಜಿ7, ಆನೆ ಸಿ2. ಇಲ್ಲಿ ಬಿಳಿಗೆ ಗೆಲುವು ಖಚಿತ, ಆದರೆ ಮೊದಲ ನಡೆ ಆನೆಯನ್ನು ಎಫ್4ಕ್ಕೆ ತರುವುದು. ನೋಡುವವರಿಗೆ ಅದು ದಿಕ್ಕಿಲ್ಲದ ನಡೆಯಂತೆ ಕಾಣುತ್ತದೆ. ಕಪ್ಪು ಆನೆ ಸಿ1ಕ್ಕೆ ಬಂದು ಕಾಯುತ್ತದೆ. ರಾಜ ಇ7ಕ್ಕೆ ಹೊರಬರುತ್ತಾನೆ. ಇ1ರಿಂದ ಚೆಕ್, ರಾಜ ಡಿ6ಕ್ಕೆ. ಡಿ1ರಿಂದ ಚೆಕ್, ರಾಜ ಇ6ಕ್ಕೆ. ಮತ್ತೆ ಇ1ರಿಂದ ಚೆಕ್, ರಾಜ ಡಿ5ಕ್ಕೆ. ಡಿ1ರಿಂದ ಇನ್ನೊಂದು ಚೆಕ್ ಬಿದ್ದಾಗ ಎಫ್4ರ ಆನೆ ಡಿ4ಕ್ಕೆ ಸರಿದು ಅಡ್ಡ ನಿಲ್ಲುತ್ತದೆ. ಚೆಕ್‌ಗಳು ಮುಗಿದವು, ಕಾಲಾಳು ಮಂತ್ರಿಯಾಗುವುದನ್ನು ತಡೆಯುವವರಿಲ್ಲ. ಇದನ್ನು ಆಟಗಾರರು ಸೇತುವೆ ಕಟ್ಟುವುದು ಎನ್ನುತ್ತಾರೆ. ಲುಸೆನಾ ಸ್ಥಿತಿ ಎಂದು ಇದಕ್ಕೆ ಹೆಸರು. ತಮಾಷೆಯೆಂದರೆ 1497ರ ಲುಸೆನಾನ ಪುಸ್ತಕದಲ್ಲಿ ಇದು ಇಲ್ಲವೇ ಇಲ್ಲ, ಅಚ್ಚಿನಲ್ಲಿ ಬಂದದ್ದು 1634ರ ಸಾಲ್ವಿಯೊ ಪುಸ್ತಕದಲ್ಲಿ. ಎರಡೂ ಸ್ಥಿತಿಗಳಲ್ಲಿ ಕಾಯಿ ಎಣಿಸಿದವನಿಗೆ ಸಿಗುವ ಉತ್ತರ ಒಂದೇ, ‘ಒಂದು ಕಾಲಾಳು ಹೆಚ್ಚು’. ಫಲ ಮಾತ್ರ ಎರಡು.

ಇಂಥ ಸ್ಥಿತಿಯಲ್ಲಿ ಆನೆಗೆ ಆನೆ ಹೊಡೆಸಿಬಿಟ್ಟರೆ ಏನಾಗುತ್ತದೆ? ಬರೀ ರಾಜರು ಮತ್ತು ಒಂದು ಕಾಲಾಳು ಉಳಿಯುತ್ತವೆ. ಬಿಳಿ ರಾಜ ಇ5, ಕಾಲಾಳು ಇ4, ಕಪ್ಪು ರಾಜ ಇ7 ಎಂದಿಟ್ಟುಕೊಳ್ಳಿ. ನಡೆ ಕಪ್ಪಿನದಾದರೆ ಅವನು ಪಕ್ಕಕ್ಕೆ ಸರಿಯಲೇಬೇಕು, ಬಿಳಿ ರಾಜ ಇನ್ನೊಂದು ಪಕ್ಕದಿಂದ ಆರನೇ ಸಾಲಿಗೆ ನುಗ್ಗಿ ಗೆಲ್ಲುತ್ತಾನೆ. ನಡೆ ಬಿಳಿಯದಾದರೆ ಕಪ್ಪು ರಾಜ ಪ್ರತಿ ಸಲವೂ ಎದುರಿಗೆ ಬಂದು ನಿಂತು ಡ್ರಾ ಮಾಡಿಕೊಳ್ಳುತ್ತಾನೆ. ಕಾಯಿಗಳು ಅವೇ, ಮನೆಗಳೂ ಅವೇ, ನಡೆಯ ಸರದಿಯೊಂದೇ ಬೇರೆ. ಕಾಲಾಳು ಎ ಅಥವಾ ಎಚ್ ಸಾಲಿನದಾದರಂತೂ ಸರದಿಯ ಮಾತೂ ಇಲ್ಲ. ಎದುರಾಳಿ ರಾಜ ಮೂಲೆಗೆ ತಲುಪಿದರೆ ಮುಗಿಯಿತು. ಆನೆ ಹೊಡೆಸುವ ಮುನ್ನ ಹೊಡೆಸಿದ ಮೇಲಿನ ಚಿತ್ರವನ್ನು ಕೊನೆಯ ನಡೆಯವರೆಗೆ ಎಣಿಸದವನು ಗೆಲುವನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದ ಹಾಗಾಯಿತು. ‘ಹೊಡೆಸು, ಸುಲಭ ಆಗುತ್ತೆ’ ಎಂಬ ಸಲಹೆ ಅವನಿಂದ ಆ ಎಣಿಕೆಯನ್ನೇ ತಪ್ಪಿಸುತ್ತದೆ.

ಒಂಟೆಗಳ ವಿಷಯದಲ್ಲಿ ಹಾನಿ ಇನ್ನೂ ಹೆಚ್ಚು. ಒಬ್ಬನ ಒಂಟೆ ಬಿಳಿ ಮನೆಗಳಲ್ಲಿ, ಇನ್ನೊಬ್ಬನದು ಕಪ್ಪು ಮನೆಗಳಲ್ಲಿ ಓಡಾಡುತ್ತಿದ್ದು ಉಳಿದ ಕಾಯಿಗಳೆಲ್ಲ ಹೋದರೆ, ಎರಡು ಕಾಲಾಳು ಹೆಚ್ಚಿದ್ದವನೂ ಗೆಲ್ಲದೆ ಉಳಿಯುವುದು ಮಾಮೂಲು. ಕಾಯುವವನು ತನ್ನ ಬಣ್ಣದ ಒಂದು ಮನೆಯಲ್ಲಿ ಕೂತರೆ ಅವನನ್ನು ಎಬ್ಬಿಸಲು ಎದುರಾಳಿಯ ಒಂಟೆಗೆ ಆಗದು. ಆನೆಗಳಿದ್ದಾಗ ಗೆಲುವಿಗೆ ಅವಕಾಶವಿದ್ದ ಆಟ ಆನೆಗಳನ್ನು ಹೊಡೆಸಿದ ತಕ್ಷಣ ಸತ್ತುಹೋಗುವ ಉದಾಹರಣೆ ಯಾವ ಕೂಟದಲ್ಲಾದರೂ ಸಿಕ್ಕೀತು. ಇದಕ್ಕೆ ಹತ್ತಿರದ ಇನ್ನೊಂದು ಬಲೆ ತಪ್ಪು ಬಣ್ಣದ ಒಂಟೆಯದು. ಕೊನೆಗೆ ಉಳಿದ ಕಾಲಾಳು ಎಚ್ ಸಾಲಿನದು, ಅದು ಬಡ್ತಿ ಪಡೆಯಬೇಕಾದ ಎಚ್8 ಮನೆ ಒಂಟೆಯ ಬಣ್ಣದ್ದಲ್ಲ. ಎದುರಾಳಿಯ ಬೋಳು ರಾಜ ಆ ಮೂಲೆ ಸೇರಿದರೆ ಒಂಟೆಯೂ ಕಾಲಾಳೂ ಸೇರಿ 4 ಅಂಕ ಮುಂದಿದ್ದರೂ ಏನೂ ಮಾಡುವ ಹಾಗಿಲ್ಲ.

1998ರಲ್ಲಿ ಲಿನಾರೆಸ್ ಕೂಟದಲ್ಲಿ ಟೊಪಾಲೊವ್ ವಿರುದ್ಧ ಶಿರೊವ್ ಆಡಿದ ಆಟವನ್ನು ಇಲ್ಲಿ ಬಿಡುವಂತಿಲ್ಲ. ಬೇರೆ ಬೇರೆ ಬಣ್ಣದ ಒಂಟೆಗಳ ಕೊನೆಯಾಟ, ಶಿರೊವ್‌ಗೆ ಎರಡು ಕಾಲಾಳು ಹೆಚ್ಚು. ಅವನ ರಾಜ ಇ4ಕ್ಕೆ ತಲುಪಿದರೆ ಗೆಲುವು, ಆದರೆ ಎದುರಾಳಿ ರಾಜ ಅಲ್ಲಿಗೆ ಅವನಿಗಿಂತ ಮೊದಲೇ ಬರುತ್ತಿದ್ದ. 47ನೇ ನಡೆಯಲ್ಲಿ ಶಿರೊವ್ ತನ್ನ ಒಂಟೆಯನ್ನು ಎಚ್3ಕ್ಕೆ ತಂದು, ಕಾಲಾಳಿನ ಬಾಯಿಗೆ ಇಟ್ಟ. ಒಂಟೆ ಹೋಯಿತು, ಅದನ್ನು ಹೊಡೆಯುವುದಕ್ಕೆ ಎದುರಾಳಿಯ ಒಂದು ನಡೆಯೂ ಹೋಯಿತು. ಶಿರೊವ್‌ನ ಕಪ್ಪು ರಾಜ ಎಫ್5ರಿಂದ ಇ4ಕ್ಕೆ ಬಂದ. ಆರು ನಡೆಗಳಲ್ಲಿ ಟೊಪಾಲೊವ್ ಸೋಲೊಪ್ಪಿದ. ಎರಡು ಕಾಲಾಳು ಹೆಚ್ಚಿದ್ದಾಗ ಗೆಲುವಾಗದಿದ್ದ ಆಟ, ಒಂದು ಒಂಟೆಯನ್ನೇ ಕೊಟ್ಟು ಹಿಂದೆ ಬಿದ್ದ ಮೇಲೆ ಗೆಲುವಾಯಿತು. ಕಾಯಿಯನ್ನು ಕೂಡಿಟ್ಟುಕೊಳ್ಳುವುದೇ ಕೊನೆಯಾಟ ಎಂದು ಕಲಿತವನ ಕಣ್ಣಿಗೆ ಈ ನಡೆ ಬೀಳುವುದೇ ಇಲ್ಲ, ಏಕೆಂದರೆ ಅವನ ಹುಡುಕಾಟ ಶುರುವಾಗುವುದೇ ಕಾಯಿ ಉಳಿಸುವ ನಡೆಗಳಿಂದ.

ಪ್ರಚಲಿತ ನಂಬಿಕೆಯ ಪರ ವಾದಿಸುವವರು ಇತ್ತೀಚೆಗೆ ಸಿಂಗಪುರದ ಆಟವನ್ನು ಎತ್ತಿ ತೋರಿಸುತ್ತಾರೆ. 2024ರ ಡಿಸೆಂಬರ್ 12ರಂದು ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. ಕಪ್ಪು ಕಾಯಿಯ ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಆನೆ ಹೊಡೆಸಿದ, ಒಂಟೆ ಹೊಡೆಸಿದ, ಗೆದ್ದ. ನೋಡಿ, ಹೊಡೆಸಿದ್ದರಿಂದಲೇ ಅಲ್ಲವೇ? ಆಟವನ್ನು ಹತ್ತಿರದಿಂದ ನೋಡಿದರೆ ಅದು ಹೇಳುವುದು ಬೇರೆ. ಆ ಒಂದು ಕಾಲಾಳು ಬಹಳ ಹೊತ್ತಿನಿಂದ ಹೆಚ್ಚಾಗಿಯೇ ಇತ್ತು, ಆಟ ಅಷ್ಟು ಹೊತ್ತೂ ಡ್ರಾ ಆಗಿಯೇ ಇತ್ತು. ಮಣೆಯ ಮೇಲೆ ಗೆಲುವು ಹುಟ್ಟಿದ್ದು 55ನೇ ನಡೆಯಲ್ಲಿ ಡಿಂಗ್ ತನ್ನ ಆನೆಯನ್ನು ಎಫ್2ಕ್ಕೆ ತಂದಾಗ. ಅವನ ಒಂಟೆ ಎ8ರ ಮೂಲೆಯಲ್ಲಿತ್ತು. ಆನೆಗಳು ಹೊಡೆದುಕೊಂಡ ಮೇಲೆ ಗುಕೇಶ್‌ನ ಒಂಟೆ ಡಿ5ಕ್ಕೆ ಬಂದು ಎದುರು ನಿಂತಾಗ ಮೂಲೆಯ ಒಂಟೆಗೆ ಬೇರೆ ದಾರಿ ಇರಲಿಲ್ಲ, ಹೊಡೆದುಕೊಳ್ಳಲೇಬೇಕಾಯಿತು. ಉಳಿದದ್ದು ಬರೀ ಕಾಲಾಳುಗಳ ಆಟ, ಅದರಲ್ಲಿ ಕಪ್ಪು ರಾಜ ಸರಿಯಾದ ಮನೆಗೆ ಸರಿಯಾದ ಹೊತ್ತಿಗೆ ಬರುತ್ತಿದ್ದ. 58ನೇ ನಡೆಗೆ ಡಿಂಗ್ ಕೈಚೆಲ್ಲಿದ. ಗುಕೇಶ್ ಹೊಡೆಸಿದ್ದು ಮಣೆ ಖಾಲಿ ಮಾಡಬೇಕೆಂದಲ್ಲ. ಹೊಡೆಸಿದ ಮೇಲಿನ ಕಾಲಾಳು ಆಟವನ್ನು ಎಣಿಸಿ ಅದು ಗೆಲುವೆಂದು ಕಂಡದ್ದರಿಂದ. ಡಿಂಗ್ ಮಾಡಿದ ತಪ್ಪೂ ಅದೇ ಎಣಿಕೆಯದು, ಇನ್ನೊಂದು ಕಡೆಯಿಂದ: ಕಾಯಿ ಕಡಿಮೆಯಾದರೆ ಡ್ರಾ ಹತ್ತಿರ ಎಂದುಕೊಂಡವನಂತೆ ಅವನು ಆನೆಯನ್ನು ಒಡ್ಡಿದ.

ನಿಯಮವನ್ನು ಅರ್ಧ ಮಾತ್ರ ಹೇಳಿಕೊಡುವುದು ಇನ್ನೊಂದು ದೋಷ. ಅನುಭವಿಗಳು ಹೇಳುತ್ತಿದ್ದ ಪೂರ್ತಿ ಮಾತು, ಮುಂದಿರುವವನು ಕಾಯಿ ಹೊಡೆಸಬೇಕು, ಕಾಲಾಳು ಹೊಡೆಸಬಾರದು. ಹಿಂದಿರುವವನು ಕಾಲಾಳು ಹೊಡೆಸಬೇಕು, ಕಾಯಿ ಹೊಡೆಸಬಾರದು. ಕಾಲಾಳು ಕಡಿಮೆಯಾದಷ್ಟೂ, ಕೊನೆಯ ಕಾಲಾಳಿಗೆ ತನ್ನ ಉಳಿದ ಕಾಯಿಯನ್ನೇ ಕೊಟ್ಟು ಎದುರಾಳಿ ಪಾರಾಗುವುದು ಸುಲಭ. ಬಾಯಿಂದ ಬಾಯಿಗೆ ಬರುವಾಗ ಎರಡನೇ ಅರ್ಧ ಉದುರಿಹೋಗಿ ‘ಹೊಡೆಸು’ ಒಂದೇ ಉಳಿಯಿತು. ಇದರ ಫಲ ಆನೆ ಕೊನೆಯಾಟಗಳಲ್ಲಿ ಕಾಣುತ್ತದೆ. ಮಣೆಯ ಒಂದೇ ಬದಿಯಲ್ಲಿ ನಾಲ್ಕು ಕಾಲಾಳಿನ ಎದುರು ಮೂರು ಇದ್ದರೆ ಸರಿಯಾಗಿ ಕಾಯುವವನು ಸಾಮಾನ್ಯವಾಗಿ ಉಳಿದುಕೊಳ್ಳುತ್ತಾನೆ. ಮೂರಕ್ಕೆ ಎರಡಾದರೆ ಇನ್ನೂ ಸುಲಭ, ಎರಡಕ್ಕೆ ಒಂದಾದರೆ ಮತ್ತೂ ಸುಲಭ. ಪ್ರತಿ ಹೊಡೆತದ ನಂತರವೂ ‘ಒಂದು ಹೆಚ್ಚು’ ಎಂಬ ಲೆಕ್ಕ ಹಾಗೇ ಇರುತ್ತದೆ, ಗೆಲುವಿನ ಅವಕಾಶ ಮಾತ್ರ ಕರಗುತ್ತಿರುತ್ತದೆ. 1930–31ರ ಹೇಸ್ಟಿಂಗ್ಸ್ ಕೂಟದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ನಾಲ್ಕಕ್ಕೆ ಮೂರರ ಇಂಥದೇ ಸ್ಥಿತಿಯನ್ನು ಯೇಟ್ಸ್ ವಿರುದ್ಧ ಗೆದ್ದದ್ದು ಕಾಲಾಳುಗಳನ್ನು ಆತುರವಾಗಿ ಹೊಡೆಸಿ ಅಲ್ಲ. ಎದುರಾಳಿಯ ಕಾಲಾಳು ಸಾಲಿನಲ್ಲಿ ಬಿರುಕು ಮಾಡಿ, ತನ್ನ ರಾಜನಿಗೆ ದಾರಿ ತೆರೆದು, ಅವನು ತಪ್ಪು ಮಾಡುವವರೆಗೆ ಕಾದು. ಅದೇ ಕೂಟದಲ್ಲಿ ಕಪಾಬ್ಲಾಂಕಾ ಸೋತದ್ದು ಪಂಜಾಬಿನ ಮೀರ್ ಸುಲ್ತಾನ್ ಖಾನ್ ಎದುರು. ದೇಶಿ ನಿಯಮದ ಚದುರಂಗದಿಂದ ಬಂದು, ಪುಸ್ತಕದ ಓಪನಿಂಗ್‌ಗಳ ಪರಿಚಯ ಹೆಚ್ಚಿಲ್ಲದೆ, ಅವನು ಬ್ರಿಟಿಷ್ ಚಾಂಪಿಯನ್‌ಶಿಪ್ ಅನ್ನು 1929, 1932, 1933ರಲ್ಲಿ ಗೆದ್ದ. ಕೊನೆಯಾಟದಲ್ಲಿ ಅವನ ಹಿಡಿತವೇ ಅವನ ಬಂಡವಾಳವಾಗಿತ್ತು.

ಇಲ್ಲಿ ದಾವಣಗೆರೆ ಬಳಿಯ ಕುಕ್ಕುವಾಡದ ಒಂದು ಲೆಕ್ಕ ನೆನಪಿಗೆ ಬರುತ್ತದೆ. ಊರಿನ ಸಕ್ಕರೆ ಕಾರ್ಖಾನೆಯ ತೂಕದ ಸೇತುವೆ ಏರಿದ ಟ್ರಾಕ್ಟರ್ ಎಷ್ಟು ಟನ್ ಕಬ್ಬು ತಂದಿದೆ ಎಂದು ಚೀಟಿ ಹೇಳುತ್ತದೆ, ಎಷ್ಟು ಸಕ್ಕರೆ ತಂದಿದೆ ಎಂದು ಹೇಳುವುದಿಲ್ಲ. ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟುವ ಬೆಲೆಯೂ ಇಳುವರಿಗೆ ಅಂಟಿಕೊಂಡಿದೆ. 2024–25ರ ಹಂಗಾಮಿಗೆ ಕ್ವಿಂಟಲಿಗೆ 340 ರೂಪಾಯಿ ಎಂದದ್ದು ಶೇಕಡ 10.25 ಇಳುವರಿಗೆ. ಕಡಿದ ಕಬ್ಬು ಗಾಡಿಯಲ್ಲೇ ಒಣಗಿದರೆ ಇಳುವರಿ ಇಳಿಯುತ್ತದೆ. ಹೆಚ್ಚಿನ ಕಾಯಿ ಮಣೆಯ ಮೇಲಿನ ತೂಕ. ಅದರಿಂದ ಗೆಲುವು ಎಷ್ಟು ಹಿಂಡಿ ಬರುತ್ತದೆ ಎಂಬುದು ರಾಜ ಎಲ್ಲಿದ್ದಾನೆ, ಕಾಲಾಳುಗಳು ಒಂದೇ ಬದಿಯಲ್ಲಿವೆಯೋ ಎರಡು ಬದಿಯಲ್ಲಿವೆಯೋ, ಎದುರಾಳಿಗೆ ತಿರುಗಿ ಹೊಡೆಯುವ ಶಕ್ತಿ ಉಳಿದಿದೆಯೋ ಎಂಬುದನ್ನು ಅವಲಂಬಿಸಿದೆ.

ಬೆಲೆಪಟ್ಟಿಯಲ್ಲಿ ರಾಜನಿಗೆ ಅಂಕವೇ ಇಲ್ಲ ಎಂಬುದನ್ನು ಗಮನಿಸಬೇಕು. ಹೊಡೆಯಲಾಗದ ಕಾಯಿಗೆ ಬೆಲೆ ಕಟ್ಟುವುದು ಹೇಗೆ ಎಂಬ ಕಾರಣಕ್ಕೆ ಅದನ್ನು ಬಿಟ್ಟಿದ್ದಾರೆ. ಮಂತ್ರಿಗಳು ಹೋದ ಮೇಲೆ ರಾಜನಿಗೆ ಅಪಾಯ ಕಡಿಮೆ, ಅವನು ಕುದುರೆಗಿಂತ ಒಂದು ಕೈ ಹೆಚ್ಚೇ ಕೆಲಸ ಮಾಡುವ ಕಾಯಿ. ಮುಂದೆ ಬಂದ ರಾಜ, ಹಿಂದೆ ಉಳಿದ ರಾಜ, ಇವರ ನಡುವಿನ ವ್ಯತ್ಯಾಸ ಎಷ್ಟೋ ಕೊನೆಯಾಟಗಳಲ್ಲಿ ಒಂದು ಕಾಲಾಳಿಗಿಂತ ದೊಡ್ಡದು. ಶಾಲೆಯ ಕೂಟಗಳಲ್ಲಿ ಕಾಲಾಳು ಹೆಚ್ಚಿದ್ದ ಹುಡುಗನ ರಾಜ ಕೋಟೆ ಕಟ್ಟಿದ ಮೂಲೆಯಲ್ಲೇ ಕೂತಿರುವುದು, ಹಿಂದಿದ್ದ ಹುಡುಗಿಯ ರಾಜ ಮಣೆಯ ನಡುವೆ ನಿಂತಿರುವುದು ಸಾಮಾನ್ಯ ದೃಶ್ಯ. ಅಂಥ ಆಟ ಕೈತಪ್ಪಿದಾಗ ‘ಗೆದ್ದ ಆಟ ಹೋಯಿತು’ ಎಂದು ಬಸ್ಸಿನಲ್ಲಿ ಊರಿಗೆ ಮರಳುವಾಗ ಕೊರಗುವುದುಂಟು. ಅದು ಗೆದ್ದ ಆಟ ಆಗಿರಲಿಲ್ಲ. ಕಾಯಿ ಹೆಚ್ಚಿದ್ದ ಆಟ ಆಗಿತ್ತು, ಅಷ್ಟೆ. ಈ ತಪ್ಪು ಹೆಸರಿನಿಂದ ನಿಜವಾದ ತಪ್ಪು ಯಾವ ನಡೆಯಲ್ಲಾಯಿತು ಎಂಬ ವಿಚಾರಣೆ ನಡೆಯುವುದೇ ಇಲ್ಲ. ಕೆಲವೆಡೆ ಹೊತ್ತು ಮೀರಿದಾಗ ಅಂಕ ಕೂಡಿಸಿ ಗೆದ್ದವರನ್ನು ಹೇಳುವ ರೂಢಿಯೂ ಇದೆ. ಸಂಘಟಕರಿಗೆ ಸಂಜೆಯೊಳಗೆ ಬಹುಮಾನ ಕೊಟ್ಟು ಮುಗಿಸಬೇಕು, ಅದು ಅರ್ಥವಾಗುವ ಮಾತು. ಆದರೆ ಆ ರೂಢಿ ಮಕ್ಕಳಿಗೆ ಕಲಿಸುವುದು ಶತ್‌ರಂಜ್.

ಉಳಿದದ್ದು ತಾನಾಗಿ ಆಗುತ್ತದೆ ಎಂಬ ಮೂರನೇ ಭಾಗಕ್ಕೆ ಉತ್ತರ ಹೇಳಲು ದೊಡ್ಡವರ ಆಟಗಳೇ ಸಾಕು. ಒಂಟೆ ಮತ್ತು ಕುದುರೆ ಸೇರಿ ಬೋಳು ರಾಜನಿಗೆ ಮಾತ್ ಕೊಡಲು ಸರಿಯಾಗಿ ಆಡಿದರೆ ಹೆಚ್ಚೆಂದರೆ 33 ನಡೆ ಬೇಕು. 2013ರಲ್ಲಿ ಜಿನೀವಾದ ಮಹಿಳಾ ಗ್ರ್ಯಾನ್ ಪ್ರಿ ಕೂಟದಲ್ಲಿ, ಆಗ ವಿಶ್ವ ಚಾಂಪಿಯನ್ ಆಗಿದ್ದ ಅನ್ನಾ ಉಷೆನಿನಾ ಓಲ್ಗಾ ಗಿರ್ಯಾ ವಿರುದ್ಧ ಇದೇ ಸ್ಥಿತಿ ತಲುಪಿ, 50 ನಡೆಗಳ ಮಿತಿಯೊಳಗೆ ಮಾತ್ ಕೊಡಲಾರದೆ ಡ್ರಾ ಮಾಡಿಕೊಂಡರು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್, ಮಂತ್ರಿಯಿಂದ ಆನೆಯನ್ನು ಸೋಲಿಸುವುದು ಏನು ಮಹಾ ಎಂದು ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್‌ನ ಬೆಲ್ ಎಂಬ ಚದುರಂಗ ಯಂತ್ರದೊಂದಿಗೆ ಪಣ ಕಟ್ಟಿದರು. ಯಂತ್ರ ಆನೆಯನ್ನು ಪುಸ್ತಕ ಹೇಳದ ರೀತಿಯಲ್ಲಿ ರಾಜನಿಂದ ದೂರ ಇಟ್ಟು ಕಾದಿತು. 50 ನಡೆಗಳಲ್ಲಿ ಆಗಲಿಲ್ಲ, ಪಣ ಹೋಯಿತು. ಮನೆಗೆ ಹೋಗಿ ಅಭ್ಯಾಸ ಮಾಡಿ ಬಂದು ಎರಡನೇ ಸಲ ಗೆದ್ದರು, ಅದೂ 50ನೇ ನಡೆಯಲ್ಲಿ. ಇಂಥವರಿಗೇ ತಾನಾಗಿ ಆಗದ್ದು ಇನ್ನು ಯಾರಿಗೆ ಆಗಬೇಕು?

ತಾನಾಗಿ ಆಗದಿದ್ದರೆ ಹೇಗೆ ಆಗುತ್ತದೆ ಎಂಬುದು ಗುಟ್ಟಲ್ಲ. ಎದುರಾಳಿಗೆ ಮಾಡುವ ಕೆಲಸ ಏನೂ ಇಲ್ಲದಿದ್ದರೆ ಆತುರ ಪಡಬಾರದು. ಶೆರೆಷೆವ್‌ಸ್ಕಿ ತನ್ನ ಕೊನೆಯಾಟದ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮೊದಲು ರಾಜನನ್ನು ಮುಂದೆ ತರಬೇಕು, ಪ್ರತಿಯೊಂದು ಕಾಯಿಯನ್ನೂ ಅದರ ಒಳ್ಳೆಯ ಮನೆಗೆ ಕೂರಿಸಬೇಕು, ಆಮೇಲೆ ಮಾತ್ರ ಕಾಲಾಳು ಮುಟ್ಟಬೇಕು, ಏಕೆಂದರೆ ಕಾಲಾಳು ಹಿಂದಕ್ಕೆ ಬರುವುದಿಲ್ಲ. ಒಂದು ದುರ್ಬಲ ಜಾಗವನ್ನು ಎದುರಾಳಿ ಕಾಯಬಲ್ಲ. ಹೆಚ್ಚಿನ ಕಾಲಾಳು ಸಾಮಾನ್ಯವಾಗಿ ಆ ಒಂದು ಜಾಗವಷ್ಟೇ. ಮಣೆಯ ಇನ್ನೊಂದು ಬದಿಯಲ್ಲಿ ಎರಡನೇ ದುರ್ಬಲ ಜಾಗ ಹುಟ್ಟಿಸಿದಾಗ ಅವನ ಕಾಯಿಗಳು ಎರಡನ್ನೂ ಕಾಯಲು ಓಡಾಡಿ ಸೋಲುತ್ತವೆ. ಹೆಚ್ಚಿದ್ದ ಕಾಲಾಳನ್ನೇ ಈ ಹೊತ್ತಿನಲ್ಲಿ ಬಿಟ್ಟುಕೊಟ್ಟು ಎದುರಾಳಿಯ ರಾಜನನ್ನು ದೂರಕ್ಕೆ ಎಳೆದು, ಬೇರೆ ಬದಿಯ ಕಾಲಾಳುಗಳನ್ನೆಲ್ಲ ಕೊಳ್ಳೆ ಹೊಡೆಯುವುದು ಕಾಲಾಳು ಕೊನೆಯಾಟಗಳ ಅತಿ ಸಾಮಾನ್ಯ ಗೆಲುವು. ಗೆದ್ದವನ ಪಟ್ಟಿಯಲ್ಲಿ ಆ ಕ್ಷಣಕ್ಕೆ ಹೆಚ್ಚಿನದೇನೂ ಇರುವುದಿಲ್ಲ.

ಪ್ರಚಲಿತ ನಂಬಿಕೆಯ ಪರವಾಗಿ ಹೇಳಬಹುದಾದದ್ದು ಇಷ್ಟು: ಒಂದು ಆನೆಯೋ ಮಂತ್ರಿಯೋ ಪೂರ್ತಿ ಹೆಚ್ಚಿದ್ದಾಗ ಹೊಡೆಸುತ್ತ ಹೋಗುವುದು ಸರಿ, ಆಗ ಎದುರಾಳಿಯ ಕೈಯಲ್ಲಿ ಉಳಿದ ಆಯುಧ ತೆಗೆದುಹಾಕಿದಷ್ಟೂ ನೆಮ್ಮದಿ. ಆದರೆ ಅಂಥ ಆಟವನ್ನು ಯಾವ ಸಲಹೆಯಿಲ್ಲದೆಯೂ ಗೆಲ್ಲಬಹುದು. ಸಲಹೆ ಬೇಕಾದದ್ದು ಒಂದು ಕಾಲಾಳು, ಎರಡು ಕಾಲಾಳು ಹೆಚ್ಚಿರುವಲ್ಲಿ. ಅಲ್ಲೇ ಅದು ಕೈಕೊಡುತ್ತದೆ. ಮಕ್ಕಳಿಗೆ ಮೊದಲು ಸುಲಭದ ನಿಯಮ ಕೊಡೋಣ, ಮುಂದೆ ತಿದ್ದಿಕೊಳ್ಳುತ್ತಾರೆ ಎಂಬ ವಾದಕ್ಕೂ ಹುರುಳಿಲ್ಲ. ರಾಜ ಮತ್ತು ಕಾಲಾಳಿನ ಆಟವನ್ನು ಹತ್ತು ವರ್ಷದ ಮಗುವಿಗೆ ಒಂದು ಸಂಜೆಯಲ್ಲಿ ಹೇಳಿಕೊಡಬಹುದು, ಸೇತುವೆ ಕಟ್ಟುವುದನ್ನು ಇನ್ನೊಂದು ಸಂಜೆಯಲ್ಲಿ. ಕಪಾಬ್ಲಾಂಕಾ 1921ರ ತನ್ನ ಪಾಠಪುಸ್ತಕವನ್ನು ಶುರುಮಾಡಿದ್ದೇ ಸರಳ ಮಾತ್‌ಗಳಿಂದ, ಕಾಲಾಳಿನ ಬಡ್ತಿಯಿಂದ. ಕರ್ನಾಟಕದಲ್ಲಿ ಪಾಠಗಳು ಹೋಗುತ್ತಿರುವುದು ತಿರುಗುಮುರುಗಾಗಿ: ಓಪನಿಂಗ್‌ನ ಹದಿನೈದು ನಡೆ ಬಾಯಿಪಾಠ, ಕೊನೆಯಾಟಕ್ಕೆ ‘ಹೊಡೆಸು’. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ, ದಾವಣಗೆರೆಯ ನೆರೆಯ ಶಿವಮೊಗ್ಗದ ಜಿ.ಎ. ಸ್ಟ್ಯಾನಿಯೂ ಆ ಪದವಿಗೇರಿದ ಮೇಲೆ, ಸಣ್ಣ ಊರುಗಳಲ್ಲೂ ತರಗತಿಗಳು ತೆರೆದಿವೆ. ಪಾಠದ ಈ ಕ್ರಮ ಮಾತ್ರ ಬದಲಾಗಿಲ್ಲ.

ಕಂಪ್ಯೂಟರ್ ಹೇಳುತ್ತದಲ್ಲ ಎಂಬುದು ಹೊಸ ವಾದ. ಮೊಬೈಲಿನ ಅಂಚಿನಲ್ಲಿ ಏರಿಳಿಯುವ ಪಟ್ಟಿ ಬಿಳಿಯ ಕಡೆ ಒಂದೂವರೆ ತೋರಿಸಿದರೆ ನೋಡುಗರು ಆಟ ಮುಗಿಯಿತು ಎನ್ನುತ್ತಾರೆ. ಆ ಅಂಕಿ ಒಂದು ಅಂದಾಜು. ಮಣೆಯ ಮೇಲೆ ರಾಜರೂ ಸೇರಿ ಏಳು ಕಾಯಿ ಉಳಿದಾಗ ಅಂದಾಜು ಬೇಕಿಲ್ಲ. ಏಳು ಕಾಯಿಗಳ ಪ್ರತಿಯೊಂದು ಸ್ಥಿತಿಯ ಫಲವನ್ನೂ ಬಿಡಿಸಿಟ್ಟ ಕೋಷ್ಟಕಗಳು 2012ರ ಹೊತ್ತಿಗೇ ಮಾಸ್ಕೋದಲ್ಲಿ ತಯಾರಾದವು. ಅವುಗಳಲ್ಲಿ ಮಾತ್ ಕೊಡಲು 549 ನಡೆ ಬೇಕಾದ ಸ್ಥಿತಿಯೂ ಇದೆ, ಎರಡು ಕಾಲಾಳು ಹೆಚ್ಚಿದ್ದೂ ಡ್ರಾ ಎಂಬ ತೀರ್ಪೂ ಹೇರಳ. ಕೋಷ್ಟಕ ತಿದ್ದಿದ್ದು ಪಾಮರರನ್ನಷ್ಟೇ ಅಲ್ಲ. ಎರಡು ಒಂಟೆಗಳ ಎದುರು ಒಂದು ಕುದುರೆ ಕೋಟೆ ಕಟ್ಟಿ ಉಳಿಯಬಲ್ಲದು ಎಂದು 1851ರಿಂದ ಪುಸ್ತಕಗಳು ಹೇಳುತ್ತ ಬಂದಿದ್ದವು. 1983ರಲ್ಲಿ ಥಾಂಪ್ಸನ್‌ನ ಯಂತ್ರ ಆ ಕೋಟೆ ಒಡೆಯುತ್ತದೆ, 66 ನಡೆಗಳೊಳಗೆ ಒಂಟೆಗಳು ಗೆಲ್ಲುತ್ತವೆ ಎಂದು ತೋರಿಸಿತು. ಡ್ರಾ ಎಂದುಕೊಂಡದ್ದು ಗೆಲುವಾಗಬಹುದು, ಗೆಲುವೆಂದುಕೊಂಡದ್ದು ಡ್ರಾ ಆಗಬಹುದು; ಎರಡು ಕಡೆಯೂ ಕಾಯಿಯ ಎಣಿಕೆ ಮೂಕ.

ಈ ನಂಬಿಕೆಯಿಂದ ಮುಂದಿರುವವನಿಗಿಂತ ಹಿಂದಿರುವವನಿಗೇ ಹೆಚ್ಚು ನಷ್ಟ. ಒಂದು ಕಾಲಾಳು ಹೋಯಿತೆಂದು ಕೈ ಕುಲುಕಿ ಏಳುವವರು ಕೂಟದಿಂದ ಕೂಟಕ್ಕೆ ಕಾಣಸಿಗುತ್ತಾರೆ. ಅವರ ಕೈಯಲ್ಲಿ ಏನೆಲ್ಲ ಇತ್ತು ಎಂದು ನೋಡಿದರೆ: ಆನೆ ಕೊನೆಯಾಟಕ್ಕೆ ತಿರುಗಿಸಿ ಮೂರನೇ ಸಾಲು ಕಾಯಬಹುದಿತ್ತು, ಎದುರಾಳಿಯ ಕಾಲಾಳು ಎ ಅಥವಾ ಎಚ್ ಸಾಲಿನದಾದರೆ, ಕೊನೆಯಾಟದ ಸಮಸ್ಯೆಗಳನ್ನು ಕಟ್ಟುತ್ತಿದ್ದ ವಾಂಚುರಾ ತೋರಿಸಿದಂತೆ, ಆನೆಯನ್ನು ಪಕ್ಕದಿಂದ ಕಾಲಾಳಿನ ಮೇಲೆ ನೆಟ್ಟು ಎದುರಾಳಿಯ ಆನೆಯನ್ನು ಅಲ್ಲೇ ಕಟ್ಟಿಹಾಕಬಹುದಿತ್ತು, ಬೇರೆ ಬಣ್ಣದ ಒಂಟೆಗಳು ಉಳಿಯುವಂತೆ ಮಾಡಬಹುದಿತ್ತು, ಸಿಕ್ಕ ಕಾಲಾಳುಗಳನ್ನೆಲ್ಲ ಹೊಡೆಸಿ ಕೊನೆಯದಕ್ಕೆ ಕುದುರೆಯನ್ನು ಬಲಿಕೊಡಬಹುದಿತ್ತು. ಇವುಗಳಲ್ಲಿ ಒಂದೂ ಒಗ್ಗದಿದ್ದರೆ ಬೋಳು ರಾಜನೊಂದಿಗೆ ಸರಿಯಾದ ಮೂಲೆಯ ಕಡೆಗೆ ನಡೆಯುವುದಿತ್ತು. ಜಿನೀವಾದಲ್ಲಿ ಗಿರ್ಯಾ ಬಳಿ ಇದ್ದದ್ದು ರಾಜ ಮಾತ್ರ. ಅವರು ಒಂಟೆ ಮುಟ್ಟಲಾಗದ ಬಣ್ಣದ ಮೂಲೆಗಳನ್ನು ಹುಡುಕುತ್ತ ವಿಶ್ವ ಚಾಂಪಿಯನ್ನರ ಎದುರು ನಡೆ ಎಣಿಸುತ್ತ ಹೋದರು, ಅರ್ಧ ಅಂಕ ಪಡೆದರು.